ಕಿಟಕಿ ಪಕ್ಕದ ಸ್ಟೂಲು

ಹಲ್ಲು ಬೆಳ್ಳಗಿರುತ್ತದೆ ಎಂದು ನಂಬಿದವರೇ ಲೋಕದಲ್ಲಿ ಹೆಚ್ಚು. ಮದುವೆಯಾಗುವ ತನಕ ಅವಳೂ ಹಾಗೇ ನಂಬಿದ್ದಳು. ಗಂಡನ ಲ್ಯಾಬಿನ ಕಿಟಕಿ ಪಕ್ಕ ಸ್ಟೂಲು ಎಳೆದುಕೊಂಡು ಕೂತ ಮೇಲೆಯೇ ಗೊತ್ತಾದದ್ದು, ಹಲ್ಲಿನ ಬುಡ ಜೇನಿನ ಬಣ್ಣ, ನಡು ಕೆನೆಯ ಬಣ್ಣ, ತುದಿ ನೀಲಿ ಬೆರೆತ ಗಾಜು ಎಂದು. ಸಿಗರೇಟು ಸೇದುವವರದು ಒಂದು ತರಹ, ನಡುವಯಸ್ಸು ದಾಟಿದವರದು ಇನ್ನೊಂದು ತರಹ. ಒಂದೇ ಬಾಯಲ್ಲಿ ಕೋರೆಹಲ್ಲು ಪಕ್ಕದ್ದಕ್ಕಿಂತ ಹಳದಿ. ಹಲ್ಲು ಕಳಕೊಂಡವರಿಗೆ ಪಿಂಗಾಣಿಯ ಹಲ್ಲು ಮಾಡಿಕೊಟ್ಟರೆ, ಅವರು ಬಾಯಿ ತೆರೆದಾಗ ಅದು ಕರೆಯದೆ ಬಂದ ನೆಂಟನ ಹಾಗೆ ಎದ್ದು ಕಾಣಬಾರದು. ಕೆಲಸವೆಲ್ಲ ಇರುವುದು ಅಲ್ಲೇ.

ಲ್ಯಾಬು ಅಂದರೆ ಮನೆಯ ಮುಂದಿನ ಕೋಣೆ. ನೆಲದ ಮೇಲೆ ಎಷ್ಟು ಗುಡಿಸಿದರೂ ಪ್ಲಾಸ್ಟರ್ ಪುಡಿ. ಗೋಡೆಗೆ ತಾಗಿ ಉದ್ದನೆಯ ಬೆಂಚು, ಅದರ ಒಂದು ತುದಿಗೆ ಗಂಡ, ಕಿಟಕಿ ಇದ್ದ ತುದಿಗೆ ಅವಳು. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಿದ್ದರು. ಗಂಡ ಅದಕ್ಕೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ಹಲ್ಲು ಕೆತ್ತಿ, ಲೋಹದ ಟೊಪ್ಪಿಗೆ ಎರಕ ಹೊಯ್ಯುತ್ತಿದ್ದ. ಆಕಾರದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ. ಬೀದಿಯವರು ಅವನನ್ನು ಹಲ್ಲಿನ ಮೇಷ್ಟ್ರು ಅನ್ನುತ್ತಿದ್ದುದು ಸುಮ್ಮನೆ ಅಲ್ಲ. ಆ ಟೊಪ್ಪಿಗೆ ಬೆಂಚಿನ ಮೇಲೆ ಜಾರಿ ಅವಳ ಕಡೆಗೆ ಬಂದರೆ, ಪಿಂಗಾಣಿಯ ಪುಡಿಗಳನ್ನು ಕಲಸಿ, ಕುಂಚದ ತುದಿಯಲ್ಲಿ ಪದರ ಪದರವಾಗಿ ಕೂರಿಸಿ, ನೀರನ್ನು ತೆಳು ಕಾಗದಕ್ಕೆ ಹೀರಿಸಿ, ಕುಲುಮೆಗೆ ಇಡುವುದು ಅವಳ ಪಾಲು. ಸುಟ್ಟಾಗ ಪಿಂಗಾಣಿ ಕುಗ್ಗುತ್ತದೆ. ಹಾಗಾಗಿ ಬೇಕಾದ್ದಕ್ಕಿಂತ ದಪ್ಪ ಕಟ್ಟಬೇಕು. ಹಸಿಯಲ್ಲಿ ಒಂದು ಬಣ್ಣ, ಬೆಂದ ಮೇಲೆ ಇನ್ನೊಂದು. ಬೆಂದದ್ದು ಹೇಗಿರುತ್ತದೆ ಎಂದು ಹಸಿಯಲ್ಲೇ ಕಾಣುವ ಕಣ್ಣು ಬೇಕು.

ಆ ಕಣ್ಣು ಗಂಡನಿಗೆ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಅವನೇ ಮಾಡಿದ ಹಲ್ಲೊಂದು ಹಲ್ಲಿನ ಡಾಕ್ಟರಮ್ಮನ ಹತ್ತಿರದಿಂದ ವಾಪಸ್ ಬಂದಿತ್ತು. "ಸತ್ತ ಹಲ್ಲಿನ ಹಾಗಿದೆ, ಬೇರೆ ಮಾಡಿ" ಎಂದು ಹೇಳಿ ಕಳಿಸಿದ್ದರು. ಅವಳು ಕುತೂಹಲಕ್ಕೆ ಅದನ್ನು ಕಿಟಕಿ ಹತ್ತಿರ ಹಿಡಿದು ನೋಡಿ, "ರೀ, ಇದರಲ್ಲಿ ಕೆಂಪೇ ಇಲ್ಲವಲ್ಲ" ಅಂದಳು. ಅವನು ತಮಾಷೆ ಅಂದುಕೊಂಡ. ಅವಳು ರಸಾಯನಶಾಸ್ತ್ರದಲ್ಲಿ ಡಿಗ್ರಿ ಮಾಡಿದವಳು, ಸುಮ್ಮನೆ ಬಿಡುವವಳಲ್ಲ. ಹೊಲಿಗೆ ಡಬ್ಬಿಯಿಂದ ದಾರದ ಉಂಡೆಗಳನ್ನು ತಂದು ಬೆಂಚಿನ ಮೇಲೆ ಸುರಿದು, ಒಂದೇ ಬಣ್ಣದವನ್ನು ಜೋಡಿ ಮಾಡಿ ಅಂದಳು. ಅವನು ಕಂದು ದಾರವನ್ನೂ ಕಡುಹಸಿರು ದಾರವನ್ನೂ ಪಕ್ಕಪಕ್ಕ ಇಟ್ಟು, ಸರಿಯಾಯ್ತಾ ಎಂಬಂತೆ ಅವಳ ಮುಖ ನೋಡಿದ. ಅವಳು ಉಂಡೆಗಳನ್ನು ಮೆಲ್ಲಗೆ ಡಬ್ಬಿಗೆ ತುಂಬಿದಳು. ಮಾರನೆಯ ದಿನ ಅಡುಗೆಮನೆಯ ಸ್ಟೂಲು ಕಿಟಕಿ ಪಕ್ಕಕ್ಕೆ ಬಂತು. ಈ ಸಂಗತಿಯನ್ನು ಅವರು ಹೊರಗೆ ಯಾರಿಗೂ ಹೇಳಲಿಲ್ಲ. ತಮ್ಮತಮ್ಮಲ್ಲೂ ಮತ್ತೆ ಎತ್ತಲಿಲ್ಲ.

ಲ್ಯಾಬು ಕೈಹತ್ತಿದಾಗ ತೆರಿಗೆ ಕಾಗದ ನೋಡಿಕೊಳ್ಳುವ ಲೆಕ್ಕದವರು ಒಂದು ಮಾತು ಹೇಳಿದ್ದರು. "ಅಮ್ಮಾ, ನಿಮ್ಮನ್ನೂ ಕೆಲಸಗಾರರು ಅಂತ ತೋರಿಸಿಬಿಡೋಣ. ತಿಂಗಳಿಗಿಷ್ಟು ಸಂಬಳ ಅಂತ ಬರೆದರಾಯ್ತು." ಅವಳು ನಕ್ಕುಬಿಟ್ಟಿದ್ದಳು. "ನಾನೇನು ಆಳಾ? ಗಂಡನ ಹತ್ತಿರ ಸಂಬಳ ಎಣಿಸ್ಕೊಳ್ಳೋ ಗತಿ ನನಗೆ ಬಂದಿಲ್ಲ." ಆ ಮಾತು ಅತ್ತೆಗೆ ಎಷ್ಟು ಹಿಡಿಸಿತೆಂದರೆ, ಸೊಸೆಯನ್ನು ಹೊಗಳಬೇಕೆನಿಸಿದಾಗಲೆಲ್ಲ ಅದನ್ನೇ ನಾಲ್ಕು ಜನರೆದುರು ಹೇಳುತ್ತಿದ್ದರು. ಅತ್ತೆ ಹೊಗಳುತ್ತಿದ್ದುದೇ ಅಪರೂಪ. ಹಾಗಾಗಿ ಅವಳಿಗೂ ಅದು ಒಡವೆಯ ಹಾಗೆ ಉಳಿದುಬಿಟ್ಟಿತ್ತು.

ಆಮೇಲೆ ಕಾಲ ಬದಲಾಯಿತು. ಕಂಪ್ಯೂಟರಿನಲ್ಲಿ ಹಲ್ಲು ಬರೆದು ಮೆಷಿನ್ನಿನಲ್ಲಿ ಕಡೆಯುವ ದೊಡ್ಡ ಲ್ಯಾಬುಗಳು ಬಂದವು. ದವಡೆಹಲ್ಲುಗಳೆಲ್ಲ ಅತ್ತ ಹೋದವು. ಕೈಯಲ್ಲಿ ಮಾಡಿದ ಹಲ್ಲಿಗೆ, ಅದರಲ್ಲೂ ಮುಂದಿನ ಹಲ್ಲಿಗೆ, ಹೊರದೇಶದಲ್ಲಿ ಇನ್ನೂ ಬೇಡಿಕೆಯಿದೆ, ಕುಶಲ ಕೆಲಸಗಾರರಿಗೆ ಕುಟುಂಬಸಮೇತ ವೀಸಾ ಕೊಡುತ್ತಾರೆ ಎಂದು ಗಂಡ ಎಲ್ಲಿಂದಲೋ ಕೇಳಿಕೊಂಡು ಬಂದ. ಮಗಳು ಆ ವರ್ಷ ಕಾಲೇಜು ಮೆಟ್ಟಿಲು ಹತ್ತುವವಳಿದ್ದಳು. ಬೆಳಕಿನ ವಿಜ್ಞಾನ ಓದಬೇಕು ಎಂದು ಅದೇ ಜಪ ಮಾಡುತ್ತಿದ್ದಳು. ಮಗಳ ಆಸೆಯ ಜೊತೆಗೆ ಅವಳಿಗೂ ಒಳಗೊಳಗೇ ಒಂದು ಆಸೆ ಹುಟ್ಟಿತು. ಅಲ್ಲಿ ಪಿಂಗಾಣಿ ಕೆಲಸವನ್ನೇ ಕಲಿಸುವ ಶಾಲೆಗಳಿವೆಯಂತೆ. ಅದನ್ನೊಂದೇ ಮಾಡಿಕೊಂಡಿರುವವರಿದ್ದಾರಂತೆ. ಅಂಥವರ ಬೆಂಚಿನಲ್ಲಿ ತನ್ನ ಹೆಸರಿನ ಕುರ್ಚಿ ಒಂದಿದ್ದರೆ ಹೇಗಿರುತ್ತದೆ ಎಂದು ಕುಲುಮೆಯ ಮುಂದೆ ಕಾಯುವಾಗ ನೆನೆಯುತ್ತಿದ್ದಳು.

ವೀಸಾ ಮಾಡಿಸಿಕೊಡುವವನ ಆಫೀಸು ಮಹಡಿಯ ಮೇಲಿತ್ತು. ಗಾಜಿನ ಬಾಗಿಲು, ಪ್ಲಾಸ್ಟಿಕ್ ಗಿಡ, ಗೋಡೆ ತುಂಬ ನಗುವ ಕುಟುಂಬಗಳ ಫೋಟೋ. ಅವಳ ಕಣ್ಣು ಮೊದಲು ಹೋದದ್ದು ಆ ಹಲ್ಲುಗಳ ಮೇಲೆ. ಎಲ್ಲರದ್ದೂ ಒಂದೇ ಬಣ್ಣ, ಚೂರೂ ನಿಜವಲ್ಲ.

"ಸರ್ ಕೇಸು ಸ್ಟ್ರಾಂಗಿದೆ. ಡಿಪ್ಲೊಮಾ ಇದೆ, ಸ್ವಂತ ಲ್ಯಾಬಿದೆ, ಅನುಭವ ಇದೆ" ಅಂದ ವೀಸಾದವನು. "ಮೇಡಂ ಏನ್ಮಾಡ್ತಾರೆ?"

"ನಾನೂ ಅದೇ ಕೆಲಸ" ಅಂದಳು ಅವಳು. "ಪಿಂಗಾಣಿ ಪೂರ್ತಿ ನಂದೇ."

"ವೆರಿ ಗುಡ್. ಡಿಪ್ಲೊಮಾ?"

"ಇಲ್ಲ. ಬಿಎಸ್ಸಿ ಆಗಿದೆ."

"ಸಂಬಳದ ಚೀಟಿ, ಬ್ಯಾಂಕಿಗೆ ಬಂದದ್ದು, ಏನಾದ್ರೂ?"

ಅವಳು ಗಂಡನ ಮುಖ ನೋಡಿದಳು. ಗಂಡ ಮೇಜಿನ ಮೇಲಿದ್ದ ಪೆನ್ ಸ್ಟ್ಯಾಂಡನ್ನು ನೋಡುತ್ತಿದ್ದ.

"ಗಂಡನ ಹತ್ತಿರ ಸಂಬಳ ಯಾರು ತಗೋತಾರೆ" ಅಂದಳು. ಅದೇ ಮಾತು. ಆದರೆ ಈ ಕೋಣೆಯಲ್ಲಿ ಅದಕ್ಕೆ ಯಾರೂ ತಲೆದೂಗಲಿಲ್ಲ.

"ಅದೇ ನೋಡಿ ಮೇಡಂ ಪ್ರಾಬ್ಲಂ. ಸರ್ ತಮ್ಮ ಲ್ಯಾಬಲ್ಲಿ ಬೇರೆ ಕೆಲಸಗಾರರಿಲ್ಲ ಅಂತ ತೆರಿಗೆ ಕಾಗದದಲ್ಲಿ ಪ್ರತಿ ವರ್ಷ ಬರೆದುಕೊಟ್ಟಿದ್ದಾರೆ. ಈಗ ನೀವು ಮಾಡ್ತೀರಿ ಅಂದ್ರೆ ಅದು ಸುಳ್ಳಾಗುತ್ತೆ. ಅಲ್ದೆ ಪಿಂಗಾಣಿ ನಿಮ್ಮದು ಅಂದ್ರೆ ಸರ್‌ಗೆ ಅರ್ಧ ಕೆಲಸ ಬರಲ್ಲ ಅಂತಾಯ್ತು. ಅಲ್ಲಿಯವರಿಗೆ ಪೂರ್ತಿ ಕೆಲಸ ಬರೋರು ಬೇಕು. ಸುಮ್ನೆ ಹೌಸ್‌ವೈಫ್ ಅಂತ ಹಾಕೋಣ. ಅವಲಂಬಿತರು ಅಂತ ನಿಮಗೂ ವೀಸಾ ಆರಾಮಾಗಿ ಬರುತ್ತೆ."

"ಅಲ್ಲಿಗೆ ಹೋದ್ಮೇಲೆ ನಾನು ಲ್ಯಾಬಲ್ಲಿ ಕೆಲಸ ಹುಡುಕ್ಕೋಬಹುದಾ?"

"ಅಂಗಡೀಲೋ ಮತ್ತೆಲ್ಲೋ ಮಾಡಬಹುದು. ಹಲ್ಲಿನ ಕೆಲಸದಲ್ಲಿ ಅನುಭವ ಇದೆ ಅಂತ ಮಾತ್ರ ಹೇಳೋ ಹಾಗಿಲ್ಲ. ಇಲ್ಲಿ ಒಂದು, ಅಲ್ಲಿ ಒಂದು ಹೇಳಿದ್ರೆ ಸರ್ ವೀಸಾಕ್ಕೇ ಕುತ್ತು. ಅನುಭವ ಇಲ್ಲ ಅಂತ ಒಮ್ಮೆ ಬರೆದ್ರೆ ಇಲ್ಲ ಅಷ್ಟೇ."

ಮೆಟ್ಟಿಲಿಳಿಯುವಾಗ ಗಂಡ ಅಂದ, "ಬರೀ ಕಾಗದದ ಮೇಲೆ ಕಣೇ. ನಮಗೆ ಗೊತ್ತಿಲ್ವಾ ಯಾರು ಏನು ಅಂತ?"

"ಗೊತ್ತಿದೆ" ಅಂದಳು. ಆಗ ಆ ಮಾತನ್ನು ಅವಳು ನಂಬಿದ್ದಳು ಕೂಡ.

ಫೋಟೋ ತೆಗೆಸುವ ದಿನ ಹಲ್ಲು ಕಾಣದ ಹಾಗೆ ಬಾಯಿ ಮುಚ್ಚಿಕೊಂಡಿರಬೇಕು ಎಂಬ ನಿಯಮ ಕೇಳಿ ಅತ್ತೆ ಬಿದ್ದುಬಿದ್ದು ನಕ್ಕರು. ಅತ್ತೆ ಹೊರಡುವವರಲ್ಲ. ಇದೇ ಊರಿನಲ್ಲಿದ್ದ ತಮ್ಮ ಮಗಳ ಮನೆಗೆ ಹೋಗುವುದೆಂದು ಆಗಲೇ ಪೆಟ್ಟಿಗೆ ಕಟ್ಟಿಟ್ಟಿದ್ದರು, ಅಲ್ಲಿಯ ಟಿವಿ ದೊಡ್ಡದು ಎಂಬುದೂ ಒಂದು ಕಾರಣ. "ಜನ್ಮವೆಲ್ಲ ಊರವರಿಗೆ ಹಲ್ಲು ಮಾಡಿದವನಿಗೆ ನಿನ್ನ ಹಲ್ಲು ಮುಚ್ಕೋ ಅಂದ್ರಲ್ಲೋ! ಎಂಥ ದೇಶವೋ ಅದು" ಎಂದು ಮಗನನ್ನು ಛೇಡಿಸಿದರು. ಎಲ್ಲರೂ ನಕ್ಕರು. ಅವಳೂ ನಕ್ಕಳು, ಆಮೇಲೆ ಬಾಯಿ ಮುಚ್ಚಿಕೊಂಡು ಕ್ಯಾಮೆರಾ ನೋಡಿದಳು.

ಅರ್ಜಿ ಹೋಯಿತು. ಕೆಲವು ವಾರ ಸದ್ದಿಲ್ಲ. ಆಮೇಲೆ ವೀಸಾದವನು ಏದುಸಿರು ಬಿಡುತ್ತ ಫೋನು ಮಾಡಿದ. ಗಂಡ ತನ್ನ ಲ್ಯಾಬಿನ ದೊಡ್ಡಸ್ತಿಕೆ ತೋರಿಸಲು, ತಿಂಗಳಿಗೆ ಇಷ್ಟು ಹಲ್ಲು ಮಾಡುತ್ತೇನೆ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದುಬಿಟ್ಟಿದ್ದ. ಆ ದೇಶದ ಕಡೆಯಿಂದ ಕೆಲಸ ಪರಿಶೀಲಿಸುವವರು ಗುಣಿಸಿ ಭಾಗಿಸಿ, ಒಬ್ಬ ಮನುಷ್ಯನಿಂದ ಇದು ಆಗುವ ಮಾತಲ್ಲ, ಇನ್ನು ಯಾರು ಕೆಲಸ ಮಾಡುತ್ತಾರೆ, ವಿಡಿಯೊದಲ್ಲಿ ಜಾಗ ತೋರಿಸಿ ಮಾತಾಡಬೇಕು ಎಂದಿದ್ದರಂತೆ.

"ಲೆಕ್ಕ ಸರಿಯಾಗೇ ಇದೆ" ಅಂದಳು ಅವಳು. "ಎರಡರಿಂದ ಭಾಗಿಸಬೇಕಿತ್ತು."

ಗಂಡ ನಗಲಿಲ್ಲ. "ಬೆಳಗ್ಗೆಯಿಂದ ಸಂಜೆ ತನಕ ಒಬ್ಬನೇ ದುಡೀತೀನಿ ಅಂತ ಹೇಳ್ತೀನಿ. ಬಣ್ಣದ ವಿಷಯ ಕೇಳಿದ್ರೆ ಏನು ಮಾಡೋದು? ನೀನೇ ಹೇಳ್ಕೊಡಬೇಕು."

ಹೇಳಿಕೊಟ್ಟಳು. ಮಗಳಿಗೆ ಮಗ್ಗಿ ಹೇಳಿಕೊಟ್ಟ ಹಾಗೆ, ತಪ್ಪಿದರೆ ಮೊದಲಿನಿಂದ. ರೋಗಿಯ ತುಟಿಯ ಬಣ್ಣ ಒರೆಸಬೇಕು. ಟ್ಯೂಬ್‌ಲೈಟಿನಲ್ಲಿ ನೋಡಬಾರದು, ಅದರ ಕೆಳಗೆ ಒಂದೇ ಥರ ಕಂಡದ್ದು ಹಗಲು ಬೆಳಕಿಗೆ ಬಂದರೆ ಬೇರೆಯಾಗುತ್ತದೆ. ಹಲ್ಲು ಒಣಗಿದರೆ ಬೆಳ್ಳಗೆ ಕಾಣುತ್ತದೆ, ಅಷ್ಟರೊಳಗೆ ಬಣ್ಣ ಹಿಡಿಯಬೇಕು. ದಿಟ್ಟಿಸಿ ನೋಡಿದರೆ ಕಣ್ಣು ದಣಿಯುತ್ತದೆ. ಆಗಾಗ ಬೂದು ಬಣ್ಣದ ಕಾರ್ಡು ನೋಡಿ ಅದಕ್ಕೆ ವಿಶ್ರಾಂತಿ ಕೊಡಬೇಕು. ಅವನು ಕಣ್ಣು ಮುಚ್ಚಿಕೊಂಡು ಒಪ್ಪಿಸುತ್ತಿದ್ದ. ತಲೆ ಚುರುಕು, ಬೇಗ ಬಂತು.

ವಿಡಿಯೊದ ದಿನ ಬೆಳಿಗ್ಗೆ ಗಂಡ ಕೋಣೆಯನ್ನು ಒಬ್ಬನ ಕೋಣೆ ಮಾಡಿದ. ಅವಳ ಸ್ಟೂಲು ಅಟ್ಟಕ್ಕೆ ಹೋಯಿತು. ಅವಳ ಕಡೆಯ ದೀಪ ಮಂಚದ ಕೆಳಗೆ, ಅವಳ ಏಪ್ರನ್ನು ಒಗೆಯುವ ಬಟ್ಟೆಯ ಬುಟ್ಟಿಗೆ. ಕುಂಚಗಳನ್ನು ತೆಗೆಯಲು ಹೋದವನು ಕೈ ಹಿಂದೆಗೆದ. "ಇವಿರಲಿ. ಇವು ನನ್ನವು ಅಲ್ವಾ ಈಗ" ಅಂದ. ಎಲ್ಲವನ್ನೂ ಒಪ್ಪವಾಗಿ, ಗುರುತೂ ಉಳಿಯದ ಹಾಗೆ ಮಾಡಿದ. ಸ್ಟೂಲಿನ ಕಾಲು ನೆಲದ ಮೇಲೆ ಸವೆಸಿದ್ದ ನಾಲ್ಕು ಚುಕ್ಕಿಗಳ ಮೇಲೆ ಪ್ಲಾಸ್ಟರಿನ ಚೀಲ ಎಳೆದಿಟ್ಟ.

"ನೀನು ಅಡುಗೆಮನೇಲಿರು. ಹೊರಗೆ ಬರಬೇಡ."

"ಮಾತಾಡಿಸಿದ್ರೂ ಬರಬಾರದಾ?"

"ಯಾರು ಮಾತಾಡಿಸ್ತಾರೆ ನಿನ್ನ?"

ಬೇಕೆಂದು ಚುಚ್ಚಿದ ಮಾತಲ್ಲ, ಗಾಬರಿಯಲ್ಲಿ ಬಂದದ್ದು. ಅದು ಗೊತ್ತಿದ್ದೂ ಅವಳು ಬಾಗಿಲನ್ನು ಸ್ವಲ್ಪ ಜೋರಾಗಿಯೇ ಎಳೆದುಕೊಂಡಳು.

ಅಡುಗೆಮನೆಯಿಂದ ಎಲ್ಲ ಕೇಳುತ್ತಿತ್ತು. ಆ ಕಡೆಯದು ಹೆಂಗಸಿನ ದನಿ, ಮರ್ಯಾದಸ್ಥ ದನಿ, ಅವಸರವಿಲ್ಲದ್ದು. ಗಂಡ ಮೇಣ ತೋರಿಸಿದ, ಎರಕ ತೋರಿಸಿದ. ಅವಳು ಮುಂಜಾನೆಯೇ ಕಟ್ಟಿಕೊಟ್ಟಿದ್ದ ಹಸಿ ಹಲ್ಲನ್ನು ತನ್ನದೆಂದು ತೋರಿಸಿ ಕುಲುಮೆಗೆ ಇಟ್ಟ. ಬಣ್ಣದ ಪ್ರಶ್ನೆ ಬಂತು. ಅವನು ಶುರುಮಾಡಿದ. "ನಾನು ಮೊದಲು ತುಟಿಯ ಬಣ್ಣ ಒರೆಸಿಸ್ತೀನಿ. ನಾನು ಟ್ಯೂಬ್‌ಲೈಟನ್ನು ನಂಬಲ್ಲ. ನಾನು ಆಗಾಗ ಕಣ್ಣಿಗೆ ವಿಶ್ರಾಂತಿ ಕೊಡ್ತೀನಿ." ಅವಳ ಮಾತುಗಳೇ, ಅದೇ ವರಸೆಯಲ್ಲಿ. ಒಂದೂ ತಪ್ಪಲಿಲ್ಲ. ಅವಳು ಒಳಗೆ ನಿಂತು ತುಟಿಯಲ್ಲೇ ಜೊತೆಗೂಡಿಸಿ ಹೇಳಿಕೊಂಡಳು.

"ತುಂಬಾ ಕಷ್ಟದ ಕೆಲಸ ಯಾವುದು ಮಾಡಿದ್ದೀರಿ?" ಎಂದು ಆ ದನಿ ಕೇಳಿತು.

ಇದನ್ನು ಅವಳು ಹೇಳಿಕೊಟ್ಟಿರಲಿಲ್ಲ. ಗಂಡ ಶಾಲೆಯ ಟೀಚರೊಬ್ಬರ ಕಥೆ ಹೇಳಿದ. ಮುಂದಿನ ಹಲ್ಲು ಮುರಿದು, ಬಾಯಿಗೆ ಕೈ ಅಡ್ಡವಿಟ್ಟುಕೊಂಡು ಪಾಠ ಮಾಡುತ್ತಿದ್ದವರು. ಪಕ್ಕದ ಹಲ್ಲಿನಲ್ಲಿ ಕೂದಲೆಳೆಯಂಥ ಕಂದು ಬಿರುಕೊಂದಿತ್ತು. "ಹೊಸ ಹಲ್ಲಿಗೂ ಅಂಥದೇ ಬಿರುಕು ಹಾಕಿದೆ. ಚೆನ್ನಾಗಿರೋ ಹಲ್ಲು ಹಾಕಿದ್ರೆ ಸುಳ್ಳು ಅಂತ ಗೊತ್ತಾಗ್ತಿತ್ತು. ಆ ಟೀಚರು ಕನ್ನಡಿ ನೋಡ್ಕೊಂಡು ನನ್ನ ಕೈ ಹಿಡ್ಕೊಂಡು ಅತ್ತುಬಿಟ್ರು."

ಅವಳು ತನ್ನ ಕೈ ನೋಡಿಕೊಂಡಳು. ಟೀಚರು ಹಿಡಿದ ಕೈ ಇದು. ಆ ದಿನ ಗಂಡ ಊರಲ್ಲೇ ಇರಲಿಲ್ಲ.

ಅಷ್ಟರಲ್ಲಿ ಕುಲುಮೆಯ ಗಂಟೆ ಬಾರಿಸಿತು.

ಇಷ್ಟು ವರ್ಷ ಆ ಗಂಟೆ ಬಾರಿಸಿದಾಗ ಅವಳು ಉಣ್ಣುತ್ತಿದ್ದರೂ ಎದ್ದಿದ್ದಾಳೆ. ಮಗು ತೊಡೆಯ ಮೇಲಿದ್ದಾಗಲೂ ಎದ್ದಿದ್ದಾಳೆ. ಪಿಂಗಾಣಿಗೆ ಗಾಳಿ ತಾಗುವ ಹೊತ್ತು ಹೆಚ್ಚುಕಡಿಮೆಯಾದರೆ ಬಿರಿಯುತ್ತದೆ. ಕಾಲುಗಳು ತಾವಾಗಿ ನಡೆದವು. ಬಾಗಿಲು ತೆರೆಯಿತು, ಕೈ ಇಕ್ಕಳ ಎತ್ತಿಕೊಂಡಿತು, ಕುಲುಮೆಯ ಮುಂದೆ ಬಾಗಿದ ಮೇಲೆ ಅವಳಿಗೆ ಎಚ್ಚರವಾಯಿತು. ಫೋನಿನ ಕಣ್ಣು ಅವಳ ಮೇಲಿತ್ತು. ಗಂಡನ ಮುಖ ಪ್ಲಾಸ್ಟರಿನ ಹಾಗಾಗಿತ್ತು.

"ಅವರು ಯಾರು?"

"ನನ್ನ ಹೆಂಡತಿ."

"ಅವರೂ ಇಲ್ಲಿ ಕೆಲಸ ಮಾಡ್ತಾರಾ?"

"ಇಲ್ಲ, ಇಲ್ಲ."

"ಅವರನ್ನೇ ಕೇಳಬಹುದಾ?"

ಗಂಡ ಫೋನನ್ನು ಅವಳ ಕಡೆ ತಿರುಗಿಸಿದ. ಪರದೆಯ ಮೇಲೆ ಕನ್ನಡಕ ಹಾಕಿದ ನಡುವಯಸ್ಸಿನ ಹೆಂಗಸು. ಸೌಮ್ಯ ಮುಖ. ಈಕೆಯೂ ಎಲ್ಲೋ ಒಂದು ಬೆಂಚಿನಲ್ಲಿ ವರ್ಷಗಟ್ಟಲೆ ಕೂತವಳೇ ಇರಬೇಕು, ಆಕೆಯ ತೋರುಬೆರಳಿನ ಪಕ್ಕ ಕುಂಚ ಹಿಡಿದು ಹಿಡಿದು ಬಂದ ಗಂಟು ಕಾಣುತ್ತಿತ್ತು. ಹೇಳಿಬಿಡಬೇಕು ಅನಿಸಿತು. ಈಕೆಗೆ ಎರಡು ಮಾತು ಹೇಳಿದರೆ ಸಾಕು, ಅರ್ಥವಾಗುತ್ತದೆ. ಹಿಂದೆ, ಒಳಬಾಗಿಲಲ್ಲಿ, ಮಗಳು ಉಸಿರು ಬಿಗಿಹಿಡಿದು ನಿಂತಿದ್ದಳು.

"ಇಲ್ಲ" ಅಂದಳು. "ಸದ್ದು ಬಂತಲ್ಲ, ಒಲೆ ಮೇಲೆ ಇಟ್ಟಿದ್ದೇನೋ ಉಕ್ಕಿತು ಅಂತ ಓಡಿಬಂದೆ."

"ಕೈಯಲ್ಲಿ ಇಕ್ಕಳ ಇದೆ?"

"ಅಡುಗೆಮನೇದು ಅಂದ್ಕೊಂಡೆ. ಎಲ್ಲಾ ಒಂದೇ ಥರ ಇರುತ್ತಲ್ಲ."

"ಆ ಪೆಟ್ಟಿಗೆ ಏನು ಅಂತ ಗೊತ್ತಾ ನಿಮಗೆ?"

ಅದರ ತಂತಿ ಸುಟ್ಟಾಗ ತಾನೇ ಬದಲಾಯಿಸಿದ ಪೆಟ್ಟಿಗೆ. ಯಾವ ಪುಡಿಗೆ ಎಷ್ಟು ಕಾವು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಅವಳು ಹೇಳಬಲ್ಲಳು. "ಏನೋ ಸುಡೋದು" ಅಂದಳು. "ನನಗೇನು ತಿಳಿಯುತ್ತೆ. ನಾನು ಮನೆ ನೋಡ್ಕೋತೀನಿ. ಎಲ್ಲಾ ಅವರದೇ."

ಆಕೆ ನಕ್ಕಳು. "ಹೋಗಲಿ ಬಿಡಿ, ನನ್ನ ಕೆಲಸ ಏನು ಅಂತ ನನ್ನ ಗಂಡನಿಗೂ ಗೊತ್ತಿಲ್ಲ" ಅಂದಳು.

ಅಷ್ಟು ಹೊತ್ತಿಗೆ ಹೊತ್ತು ಮೀರಿತ್ತು. ಕುಲುಮೆಯಲ್ಲಿದ್ದ ಹಲ್ಲಿನಿಂದ 'ಟಿಕ್' ಎಂದು ಸಣ್ಣ ಸದ್ದು ಬಂತು. ಕೇಳಿಸಿದ್ದು ಅವಳೊಬ್ಬಳಿಗೇ.

ಸ್ವಲ್ಪ ದಿನಕ್ಕೆ ಒಪ್ಪಿಗೆ ಬಂತು. ಕುಶಲ ಕೆಲಸಗಾರ ಎಂಬ ಮುದ್ರೆ ಬಿತ್ತು. ವೀಸಾದವನು ಫೋನಿನಲ್ಲಿ, "ಮೇಡಂ ಏನು ಆ್ಯಕ್ಟಿಂಗು! ಸಿನಿಮಾಕ್ಕೆ ಹೋಗಬೇಕಿತ್ತು ನೀವು" ಅಂದ. ಇನ್ನು ಉಳಿದದ್ದು ಅಲ್ಲಿ ಒಂದು ಕೆಲಸ ಗಟ್ಟಿ ಮಾಡಿಕೊಳ್ಳುವುದು. ಅದು ಕೈಗೆ ಬಂದರೆ ವೀಸಾ ಬಂದ ಹಾಗೆಯೇ.

ಸುದ್ದಿ ತಿಳಿದು ಡಾಕ್ಟರಮ್ಮ ಮನೆಗೇ ಬಂದರು. ಮೊದಮೊದಲ ಆ ಸತ್ತ ಹಲ್ಲನ್ನು ವಾಪಸ್ ಕಳಿಸಿದವರು, ಆಮೇಲಿನ ಹಲ್ಲುಗಳನ್ನೆಲ್ಲ ಬಾಯಿತುಂಬ ಹೊಗಳಿದವರು. ಅತ್ತೆ, ಮಗಳು, ಎಲ್ಲ ಸುತ್ತ ಕೂತಿದ್ದರು. ಅವಳು ಟೀ ತಂದಳು. ಗಂಡ ವಿಡಿಯೊ ಪರೀಕ್ಷೆಯನ್ನು ಅಭಿನಯಿಸಿ ತೋರಿಸುತ್ತಿದ್ದ.

"ಕಷ್ಟದ ಕೆಲಸ ಯಾವುದು ಅಂದ್ರು. ನಾನು ಆ ಟೀಚರ್ ಕೇಸ್ ಹೇಳ್ದೆ. ನೆನಪಿದೆಯಲ್ಲ ಡಾಕ್ಟ್ರೇ, ಬಿರುಕಿನ ಹಲ್ಲು? ಅದನ್ನ ಮಾಡೋವಾಗ ನನಗೆ ಎರಡು ಸಲ ಕೆಟ್ಟು, ಮೂರನೇ ಸಲ..."

"ಅಪ್ಪಾ, ಅದು ಅಮ್ಮ ಮಾಡಿದ್ದು" ಅಂದಳು ಮಗಳು.

ಗಂಡ ನಕ್ಕ. ಆ ನಗೆಯಲ್ಲಿ ಕಳ್ಳತನ ಸಿಕ್ಕಿಬಿದ್ದ ಗಲಿಬಿಲಿ ಇರುತ್ತದೆ ಎಂದು ಅವಳು ಹುಡುಕಿದಳು. ಇರಲಿಲ್ಲ. ಅವನ ಮುಖದಲ್ಲಿ ಇದ್ದದ್ದು ನೆನಪು, ಮಾಡಿದವನ ನೆನಪು. ಎರಡು ಸಲ ಕೆಟ್ಟದ್ದು, ಮೂರನೆಯದು ಕೂಡಿಬಂದದ್ದು, ಎಲ್ಲ ಅವನಿಗೆ ಕಣ್ಣಿಗೆ ಕಟ್ಟಿದಂತಿತ್ತು.

"ಇಬ್ಬರೂ ಸೇರಿ ಮಾಡಿದ್ದು. ಕೈ ಯಾರದಾದ್ರೇನು" ಅಂದ.

"ಅದೇ ಮತ್ತೆ" ಅಂದರು ಅತ್ತೆ. "ನನ್ನ ಸೊಸೆ ಅಂಥವಳಲ್ಲ. ಗಂಡನ ಹತ್ತಿರ ಸಂಬಳ ಎಣಿಸೋ ಗತಿ ಬಂದಿಲ್ಲ ಅಂದವಳು." ಎಂದಿನಂತೆ ಹೊಗಳಿಯೇ ಹೇಳಿದ್ದು.

ಡಾಕ್ಟರಮ್ಮ ಅವಳನ್ನೊಮ್ಮೆ ನೋಡಿ, ಮಾತು ಬೇರೆ ಕಡೆ ತಿರುಗಿಸಿದರು.

ಹೊರದೇಶದ ಲ್ಯಾಬೊಂದು ಮಾದರಿ ಕೆಲಸ ನೋಡಬೇಕೆಂದು ಒಂದು ಕೃತಕ ದವಡೆ ಕಳಿಸಿತು. ಮೇಲ್ದವಡೆ, ಮುಂದಿನ ಒಂದು ಹಲ್ಲಿನ ಜಾಗ ಖಾಲಿ. ಆಚೀಚೆಯ ಹಲ್ಲುಗಳಿಗೆ ಬೇಕೆಂದೇ ಕಷ್ಟದ ಬಣ್ಣ ಕೊಟ್ಟಿದ್ದರು, ಬೂದಿಯೊಳಗೆ ಕೆಂಪು ಅಡಗಿದ ಬಣ್ಣ. ಆ ಖಾಲಿ ಜಾಗಕ್ಕೆ ಹಲ್ಲು ಮಾಡಿ ಕಳಿಸಬೇಕು. ಗಂಡ ಅದನ್ನು ಬೆಂಚಿನ ಮೇಲೆ ಅವಳ ಕಡೆ ಜಾರಿಸುತ್ತಾನೆಂದು ಅವಳು ಕಾದಳು. ಜಾರಿಸಲಿಲ್ಲ. ತಾನೇ ಪುಡಿ ಕಲಸಿದ, ತಾನೇ ಕಟ್ಟಿದ, ಕುಲುಮೆಯ ಗಂಟೆ ಬಾರಿಸಿದಾಗ ತಾನೇ ಎದ್ದ. ಸ್ಟೂಲು ಇನ್ನೂ ಅಟ್ಟದ ಮೇಲೇ ಇತ್ತು. ಇಳಿಸಿ ಎಂದು ಅವಳು ಹೇಳಿರಲಿಲ್ಲ. ಇಳಿಸಲಾ ಎಂದು ಅವನು ಕೇಳಿರಲಿಲ್ಲ.

ಮಧ್ಯಾಹ್ನ ಹಲ್ಲನ್ನು ದವಡೆಗೆ ಕೂರಿಸಿಕೊಂಡು ಬಂದ. ಪರೀಕ್ಷೆ ಚೆನ್ನಾಗಿ ಬರೆದ ಹುಡುಗನ ಮುಖ.

"ನೋಡು, ಹೇಗಿದೆ?"

ಅವಳು ಕಿಟಕಿಗೆ ಒಯ್ದಳು. ರೂಢಿಯಂತೆ ಮೊದಲು ಬೂದು ಕಾರ್ಡು ನೋಡಿದಳು, ಆಮೇಲೆ ಹಲ್ಲು. ಆಕಾರ ಅಂದರೆ ಆಕಾರ, ದೇವರೇ ಕೂತು ಕೆತ್ತಿದ ಹಾಗೆ. ಬಣ್ಣ ಹಸಿರುಗಟ್ಟಿದ ಬೂದು. ಆ ಮೊದಲ ಹಲ್ಲಿನದೇ. ಇಷ್ಟು ವರ್ಷಗಳಾದ ಮೇಲೆ ಅದು ಮತ್ತೆ ಅವಳ ಕೈಗೆ ಬಂದು ಕೂತಿತ್ತು.

ಒಂದು ಮಾತು ಹೇಳಿದರೆ ಅವನು ಕುಂಚ ಅವಳ ಕೈಗೆ ಕೊಡುತ್ತಾನೆ. ಅವಳು ಮಾಡಿದ್ದು ಅವನ ಹೆಸರಿನಲ್ಲಿ ಹೋಗುತ್ತದೆ. ಅಲ್ಲಿಗೆ ಹೋದ ಮೇಲೆ ಅವನು ಲ್ಯಾಬಿನಿಂದ ಹಲ್ಲುಗಳನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ತರುತ್ತಾನೆ. ಅವಳು ಯಾವುದೋ ಅಂಗಡಿಯಲ್ಲಿ ಸಾಮಾನು ಜೋಡಿಸಿ ಬಂದು, ಅಡುಗೆಮನೆಯ ಕಿಟಕಿಯಲ್ಲಿ ಅವಕ್ಕೆ ಜೀವ ಬರಿಸುತ್ತಾಳೆ. ಎಂದೂ ಮುಗಿಯುವುದಿಲ್ಲ. ಕಡೆಗೊಮ್ಮೆ ಅವನು ಅದನ್ನೂ ತಾನೇ ಮಾಡಿದ್ದೆಂದು ನೆನಪಿಟ್ಟುಕೊಳ್ಳುತ್ತಾನೆ.

"ಚೆನ್ನಾಗಿದೆ ರೀ" ಅಂದಳು.

ಬಣ್ಣದ ವಿಷಯದಲ್ಲಿ ಅವಳು ಅವನಿಗೆ ಹೇಳಿದ ಮೊದಲ ಸುಳ್ಳು ಅದು. ಅವನು ಅನುಮಾನಿಸಲಿಲ್ಲ. ಅವಳ ಕಣ್ಣನ್ನು ಅನುಮಾನಿಸಿ ಅವನಿಗೆ ಅಭ್ಯಾಸವೇ ಇರಲಿಲ್ಲ. "ಹೇಳಲಿಲ್ವಾ ನಾನು? ನೋಡ್ತಾ ನೋಡ್ತಾ ನನಗೂ ಕೈಗೆ ಹತ್ತಿದೆ" ಎಂದು ಸಂಭ್ರಮದಿಂದ, ಹಲ್ಲನ್ನು ಪ್ಯಾಕ್ ಮಾಡಲು ಹತ್ತಿಯ ಡಬ್ಬಿ ಹುಡುಕಲು ಹೋದ.

ಅವಳು ಅಡುಗೆಮನೆಗೆ ಬಂದು ನಲ್ಲಿ ತಿರುಗಿಸಿ ಕೈ ತೊಳೆದಳು. ಎದೆ ಹಗುರವಾಗಿತ್ತು. ಕುರುಡನ ಮುಂದಿನ ಊಟದ ತಟ್ಟೆ ಸರಿಸಿದ ಹಾಗೂ ಅನಿಸಿತು. ಅನಿಸಲಿ. ಮಗಳ ಓದು? ಇಲ್ಲಿ ಕಾಲೇಜುಗಳಿಲ್ಲವೇ, ಇಲ್ಲೇ ಓದಲಿ. ಹೀಗೆಲ್ಲ ತನಗೆ ತಾನೇ ಹೇಳಿಕೊಳ್ಳುತ್ತಿರುವಾಗಲೇ ಮುಂದಿನ ಕೋಣೆಯಿಂದ ಮಗಳ ದನಿ ಬಂತು.

"ಅಪ್ಪಾ, ತಡಿ. ಇದನ್ನ ಪ್ಯಾಕ್ ಮಾಡಬೇಡ."

"ಯಾಕೆ? ಅಮ್ಮ ನೋಡಿ ಆಯ್ತು."

"ಅಮ್ಮ ನೋಡಿದ್ಳಾ? ಇಲ್ಲ, ಇದು... ಹಸಿರಿದೆ ಅಪ್ಪ. ಇಲ್ಲಿ ಬಾ, ಪಕ್ಕದ ಹಲ್ಲು ನೋಡು. ಅದರಲ್ಲಿ ಕೆಂಪಿದೆ."

ನಲ್ಲಿ ನಿಲ್ಲಿಸಿ ಅವಳು ಬಾಗಿಲಿಗೆ ಬಂದಳು. ಮಗಳು ಕಿಟಕಿಯ ಬೆಳಕಿಗೆ ದವಡೆ ಹಿಡಿದು, ಕಣ್ಣು ಕಿರಿದು ಮಾಡಿ, ತಲೆ ಒಂದು ಕಡೆ ವಾಲಿಸಿ ನೋಡುತ್ತಿದ್ದಳು. ಹಾಗೆ ನೋಡುವುದನ್ನು ಆ ಹುಡುಗಿಗೆ ಯಾರೂ ಕಲಿಸಿರಲಿಲ್ಲ.

"ನಿನಗೆ ಗೊತ್ತಾಗುತ್ತಾ?" ಗಂಡನ ದನಿಯಲ್ಲಿ ಬೆರಗು. "ಯಾವ ಪುಡಿ ಸೇರಿಸಬೇಕು ಅಂತಾನೂ ಗೊತ್ತಾಗುತ್ತಾ?"

"ಇದು ಸ್ವಲ್ಪ, ಆಮೇಲೆ ಇದು. ಸುಟ್ಟ ಮೇಲೆ ಹೇಗಾಗುತ್ತೆ ಗೊತ್ತಿಲ್ಲ. ಮಾಡಿ ನೋಡೋಣ. ನೀನು ಕೆತ್ತು, ನಾನು ಬಣ್ಣ ನೋಡ್ತೀನಿ."

"ಎಂಥ ಕಣ್ಣು ನೋಡು ನನ್ನ ಮಗಳದು!" ಅವನು ತನ್ನ ಸ್ಟೂಲನ್ನೇ ಎಳೆದು ಕಿಟಕಿಯ ಪಕ್ಕ ಹಾಕಿದ. ಪ್ಲಾಸ್ಟರಿನ ಚೀಲವನ್ನು ಕಾಲಿನಿಂದ ಸರಿಸಿದ. ಸ್ಟೂಲಿನ ಕಾಲುಗಳು ಆ ನಾಲ್ಕು ಚುಕ್ಕಿಗಳ ಮೇಲೆ ಸರಿಯಾಗಿ ಕೂತವು. "ಕೂತ್ಕೋ ಕಂದ. ಅಲ್ಲಿಗೆ ಹೋದ್ಮೇಲೂ ನನಗೆ ಇನ್ನು ಚಿಂತೆ ಇಲ್ಲ. ಸಂಜೆ ಕಾಲೇಜಿಂದ ಬಂದು ಒಂದು ಸಲ ನೋಡಿಕೊಟ್ರೆ ಸಾಕು."

ಮಗಳು ಕೂತಳು. ಕುಂಚ ಎತ್ತಿಕೊಂಡಳು. ಅದರ ತುದಿಯನ್ನು ನೀರಿಗೆ ಅದ್ದಿ, ಬೆರಳ ಮೇಲೆ ಒಮ್ಮೆ ಹೊರಳಿಸಿದಳು.

ಅವಳು ಬಾಗಿಲಲ್ಲಿ ಎಷ್ಟು ಹೊತ್ತು ನಿಂತಳೋ. ಆಮೇಲೆ ಏಣಿ ತಂದು ಅಟ್ಟಕ್ಕೆ ಹಾಕಿ ಹತ್ತಿ, ತನ್ನ ಸ್ಟೂಲನ್ನು ಇಳಿಸಿದಳು. ಸೆರಗಿನಿಂದ ಧೂಳು ಒರೆಸಿ ಕಿಟಕಿಯ ಹತ್ತಿರ ತಂದಿಟ್ಟಳು.

"ಏಳೇ" ಅಂದಳು ಮಗಳಿಗೆ.

"ಯಾಕಮ್ಮ, ನಾನು ಮಾಡ್ತೀನಿ. ನೀನು ಚೆನ್ನಾಗಿದೆ ಅಂದ್ಯಂತೆ..."

"ಏಳು ಅಂದೆ. ಓದ್ಕೋ ಹೋಗು. ಇನ್ನೊಂದು ಸಲ ಈ ಕುಂಚ ಮುಟ್ಟಿದ್ರೆ ಕೈ ಮುರೀತೀನಿ."

ಮಗಳು ತಾಯಿಯ ಮುಖ ನೋಡಿ ಎದ್ದು ಹೋದಳು. ಅವಳು ಕೂತಳು. ಆ ಹಲ್ಲನ್ನು ದವಡೆಯಿಂದ ಕಿತ್ತು ಪಕ್ಕಕ್ಕಿಟ್ಟು, ಇನ್ನೊಂದು ಟೊಪ್ಪಿಗೆಗೆ ಕೈ ಚಾಚಿದಳು. ಗಂಡ ಕೊಟ್ಟ. ಕೆಂಪು ಪುಡಿಯ ಸೀಸೆ ಹುಡುಕಿ ಮುಚ್ಚಳ ತೆರೆದಳು. ಸೀಸೆ ತುಂಬಿದ್ದು ತುಂಬಿದ ಹಾಗೇ ಇತ್ತು.

"ಹಾಕಿದ್ದೆ ನಾನು ಕೆಂಪು" ಅಂದ ಅವನು ಹಿಂದೆ ನಿಂತು.

"ಹಾಕಿಲ್ಲ ರೀ."

ಅವಳು ಪುಡಿ ಕಲಸಿದಳು, ಬುಡದಿಂದ ಶುರುಮಾಡಿದಳು. ಕಾಗದದ ತುದಿ ನೀರನ್ನು ಹೀರಿಕೊಂಡಿತು. ಫೋನು ಬಡಿದುಕೊಂಡಿತು. ವೀಸಾದವನು. ಗಂಡ ಎತ್ತಿ, ಅವಳ ಭುಜದ ಮೇಲಿಂದ ಕುಂಚದ ತುದಿಯನ್ನೇ ನೋಡುತ್ತ ಮಾತಾಡಿದ.

"ಹೌದು ಸರ್, ಮಾದರಿ ಹಲ್ಲೇ. ಅದರ ಮೇಲೇ ಕೂತಿದ್ದೀನಿ ಸರ್. ಬೆಳಗ್ಗೆಯಿಂದ ಎದ್ದಿಲ್ಲ ನೋಡಿ."